ಚುಕ್ಕೆ ಅಳಿಸದ ತಂತ್ರಾಂಶ

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಮೊದಲು ಕಂಪ್ಯೂಟರ್ ಬಂದದ್ದು ನಮ್ಮ ಮನೆಗೆ. ಶಾಲಾ ಮಾಸ್ತರನಾದ ನನಗೆ ಅದರ ಹುಚ್ಚು ಎಷ್ಟಿತ್ತೆಂದರೆ, ಒಂದು ಮಾಸಿಕಕ್ಕೆ ಕಂಪ್ಯೂಟರ್ ಬಗ್ಗೆ ಬರೆಯುವ ಉಸಾಬರಿಯನ್ನೂ ಮೈಮೇಲೆ ಎಳೆದುಕೊಂಡಿದ್ದೆ. ಆ ಸಲ ಸಂಪಾದಕರು ಮೂರು ಸಿ.ಡಿ. ಕಳಿಸಿದರು. ಮೂರರಲ್ಲೂ ಒಂದು ಮುಖವನ್ನು ನಿಧಾನವಾಗಿ ಇನ್ನೊಂದು ಮುಖವಾಗಿ ಬದಲಿಸುವ ಮಾರ್ಫಿಂಗ್ ತಂತ್ರಾಂಶ. ಮನೆಯಲ್ಲಿ ಬಳಸುವವರಿಗೆ ಯಾವುದು ಒಳ್ಳೆಯದು ಎಂದು ನಾನು ಹೇಳಬೇಕಿತ್ತು.

ಒಂದು ಫೋಟೋದಲ್ಲಿ ಹಣೆ, ಕಣ್ಣಿನ ಮೂಲೆ, ಹುಬ್ಬಿನ ನಡು, ಗಲ್ಲ, ಗದ್ದ, ಹೀಗೆ ಗುರುತಿಗೆ ಚುಕ್ಕೆ ಇಡಬೇಕು. ಇನ್ನೊಂದರಲ್ಲೂ ಅದದೇ ಜಾಗಕ್ಕೆ ಇಡಬೇಕು. ಯಂತ್ರ ಚುಕ್ಕೆಗೆ ಚುಕ್ಕೆ ಕೂಡಿಸಿ ನಡುವಿನ ಮುಖಗಳನ್ನು ತಾನೇ ಹುಟ್ಟಿಸುತ್ತದೆ. ಮೊದಲು ನನ್ನದೂ ಹೆಂಡತಿಯದೂ ಹಾಕಿದೆ. ಅವಳು ಬಂದು ನೋಡಿ, "ಮೀಶಿ ಬೇಕಾದ್ರ ಇರಲಿ, ನಿಮ್ಮ ಮೂಗು ಮಾತ್ರ ನನಗ ಬ್ಯಾಡ" ಎಂದು ಒಳಗೆ ಹೋದಳು.

ಮೊದಲನೆಯ ತಂತ್ರಾಂಶ ಬಲು ನಾಜೂಕು, ಆದರೆ ಅದನ್ನು ಎಳೆಯುವ ತ್ರಾಣ ನಮ್ಮ ಯಂತ್ರಕ್ಕಿರಲಿಲ್ಲ. ಒಂದು ಮುಖ ಮುಗಿಯುವಷ್ಟರಲ್ಲಿ ಕರೆಂಟೇ ಹೋಗುತ್ತಿತ್ತು. ಎರಡನೆಯದು ಚುರುಕು, ಮನೆಮಂದಿಗೆ ಹೇಳಿ ಮಾಡಿಸಿದ ಹಾಗಿತ್ತು. ಮೂರನೆಯದರ ಮೇಲೆ ನನಗೆ ಸಿಟ್ಟೇ ಬಂತು. ಅದು ಕೊಳ್ಳುವ ಮುಂಚೆ ನೋಡಲಿಕ್ಕೆಂದು ಕೊಡುವ ಬರೀ ಟ್ರಯಲ್ ಪ್ರತಿ. ನಾವಿಟ್ಟ ಹಸಿರು ಚುಕ್ಕೆಗಳು ಕೊನೆಯ ಚಿತ್ರದಲ್ಲೂ ಹಾಗೇ ಉಳಿಯುತ್ತಿದ್ದವು. ಇದನ್ನು ಮನೆಯೊಳಗೆ ತರಬೇಡಿ ಎಂದು ಬರೆದೂಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ವೈನಿ ಬಂದರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಓಣಿಗೆಲ್ಲ ಅತ್ತಿಗೆಯಿದ್ದಂತೆ. ತವರು ರಾಮದುರ್ಗದ ಕಡೆಯ ಸಾಲಹಳ್ಳಿ. ಅವರು ಸಣ್ಣವರಿದ್ದಾಗಲೇ ತಾಯಿ ತುಂಬು ಹರೆಯದಲ್ಲಿ ತೀರಿಕೊಂಡಿದ್ದರು, ಒಂದೂ ಫೋಟೋ ಇರಲಿಲ್ಲ. ನನ್ನ ಹೆಂಡತಿಯಿಂದ ಈ ಮುಖದಾಟದ ಸುದ್ದಿ ಕೇಳಿದ್ದರಂತೆ. ಸೆರಗಿನ ಮರೆಯಿಂದ ಎರಡು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಒಂದು ಅವರದು, ಇನ್ನೊಂದು ಕಿತ್ತೂರಿನ ಹತ್ತಿರದ ದೇಗಾಂವಕ್ಕೆ ಕೊಟ್ಟಿದ್ದ ಚಿಕ್ಕವ್ವನದು, ಅಂದರೆ ತಾಯಿಯ ತಂಗಿಯದು. ಇಬ್ಬರದೂ ತಲೆ ನೆರೆತ ಮೇಲಿನ ಫೋಟೋ.

"ಮೂಗು ಬಾಯಿ ನಂದೂ ಅವ್ವಂದೂ ಒಂದ ಅಂತಾರ. ಕಣ್ಣು ಚಿಕ್ಕವ್ವಂದು. ಎರಡೂ ಕೂಡಿಸಿದ್ರ ನಡುವ ಎಲ್ಲೆರೆ ನಮ್ಮವ್ವ ಇರಬೇಕಲ್ರಿ ಮಾಸ್ತರ?" ಎಂದರು. ನಾನು ನಗಲಿಕ್ಕೆ ಹೋದೆ. ಅವರು ನಗಲಿಲ್ಲ. "ಮೊದಲ ಕಣ್ಣ ಮುಚ್ಚಿದ್ರ ಕಾಣತಿದ್ಲು. ಈಗೀಗ ಅಕೀ ಮಾರಿ ಮರಿಯಾಕ ಹತ್ತೇತ್ರಿ. ಪೂರಾ ಹೋಗೂದ್ರಾಗ ಒಮ್ಮೆ ನೋಡಬೇಕು."

ನನಗೆ ಹೆದರಿಕೆಯಾಯಿತು. ಹೋದವರನ್ನು ಕರೆತರುವುದು ನನ್ನ ಕೈಲೂ ಆಗದು, ಸಿ.ಡಿ.ಯ ಕೈಲೂ ಆಗದು. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಪೇಟೆಯ ಸ್ಟುಡಿಯೋದಲ್ಲಿ ಎರಡೂ ಫೋಟೋ ಸ್ಕ್ಯಾನ್ ಮಾಡಿಸಿ ತಂದು, ರವಿವಾರ ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡೆ.

ನಾನು ಹೊಗಳಿ ಬರೆದಿದ್ದ ಎರಡನೆಯದರಲ್ಲೇ ಹಾಕಿದೆ. ತಮ್ಮ ಮುಖ ಕರಗುತ್ತ ಚಿಕ್ಕವ್ವನಾಗುವುದನ್ನು ಅವರು ಉಸಿರು ಬಿಗಿಹಿಡಿದು ನೋಡಿದರು. ನಡುವೆ ನಿಲ್ಲಿಸಿದೆ. "ಚಂದ ಅದಾಳ," ಎಂದರು. "ಆದರ ಯಾರೋ ಬ್ಯಾರೆ ಹೆಣ್ಮಗಳ್ರಿ." ಮೊದಲನೆಯದು ಎಂದಿನಂತೆ ಅರ್ಧಕ್ಕೆ ಕೈಕೊಟ್ಟಿತು.

ಮನಸ್ಸಿಲ್ಲದ ಮನಸ್ಸಿನಿಂದ ಮೂರನೆಯದನ್ನು ತೆರೆದೆ. ಚುಕ್ಕೆಗಳ ಸಮೇತ ನಡುವಿನ ಮುಖ ಮೂಡಿತು. "ಈ ಹಸರ ಚುಕ್ಕಿ ಹೋಗೂದಿಲ್ರಿ ವೈನಿ, ಅದರ ಕಡೆ ನೋಡಬ್ಯಾಡ್ರಿ" ಎಂದೆ.

ಅವರು ಅದರ ಕಡೆಗೇ ನೋಡುತ್ತಿದ್ದರು. "ನಮ್ಮವ್ವಗ ಹಚ್ಚಿಬಟ್ಟು ಇದ್ದದ್ದು ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಆ ಕಾಲದ ಹೆಣ್ಣುಮಕ್ಕಳು ಹಣೆಗೆ, ಗದ್ದಕ್ಕೆ, ಕಣ್ಣಿನ ಮೂಲೆಗೆ ಹಸಿರು ಹಚ್ಚೆ ಹಾಕಿಸಿಕೊಳ್ಳುತ್ತಿದ್ದರು; ಗುರುತಿಗೆಂದು ನಾನು ಚುಕ್ಕೆ ಇಟ್ಟದ್ದೂ ಅವೇ ಜಾಗಗಳಲ್ಲಿ. ಹಚ್ಚೆ ಹಾಕುವವಳು ಬಂದಾಗ ಚಿಕ್ಕವ್ವ ಸೂಜಿ ಕಂಡು ಹಿತ್ತಲಿಗೆ ಓಡಿದ್ದಳಂತೆ. ವೈನಿಯ ಕಾಲಕ್ಕೆ ಆ ರೂಢಿಯೇ ಇರಲಿಲ್ಲ. ಇಬ್ಬರಲ್ಲೂ ಇಲ್ಲದ್ದು ನಡುವೆ ಬರುವುದಾದರೂ ಹೇಗೆ?

ವೈನಿ ಕುರ್ಚಿ ಮುಂದಕ್ಕೆಳೆದುಕೊಂಡರು. "ಗಲ್ಲದ ಮ್ಯಾಲಿಂದು ತಗೀರಿ, ಅದು ಇರಲಿಲ್ಲ. ಗದ್ದದ್ದು ಇನ್ನ ಒಂಚೂರು ಕೆಳಗ. ಹಣಿಮ್ಯಾಲಿಂದು ಇನ್ನ ಮ್ಯಾಲ." ಚುಕ್ಕೆ ಎಳೆದರೆ ಜೊತೆಗೆ ಮುಖವೂ ಎಳೆದುಕೊಂಡು ಬರುವುದು ಆ ತಂತ್ರಾಂಶದ ಗುಣ. ಗದ್ದ ನೀಳವಾಯಿತು, ಹಣೆ ಅಗಲವಾಯಿತು. ಮರೆಯುತ್ತಿದ್ದೇನೆ ಎಂದವರು ಬೆರಳಿಟ್ಟು ತೋರಿಸುತ್ತ ಹೋದರು, ಅವರು ಹೇಳಿದಷ್ಟು ನಾನು ಸರಿಸುತ್ತ ಹೋದೆ.

"ತಡೀರಿ."

ನಾನು ಮೌಸ್ ಮೇಲಿನ ಕೈ ತೆಗೆದೆ. ವೈನಿ ಎದ್ದು ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಪರದೆಯ ಮೇಲಿನ ನೆರೆತ ಕೂದಲನ್ನು ಬೆರಳಿನಿಂದ ಸವರಿದರು.

"ಯವ್ವಾ," ಎಂದರು, "ನೀನೂ ಮುದುಕಿ ಆದಿಯೇನಬೇ?"