ಉಪ್ಪು ನೋಡಿದ ಮಕ್ಕಳು

ಆ ಸೋಮವಾರ ಸಂಜೆ ನನ್ನ ಸೊಸೆ ರೂಪಾ ಚಕೋಲಿ ಮಾಡಿದ್ದಳು. ತೊಗರಿಬೇಳೆಯ ಸಾರಿನಲ್ಲಿ ಗೋಧಿ ಹಿಟ್ಟಿನ ತುಂಡು ಬೇಯಿಸುವ ಅಡುಗೆ ಅದು. ಮಕ್ಕಳಿಗೆಂದು ತುಂಡುಗಳನ್ನು ಬಟ್ಟಲಿನ ಅಂಚು ಒತ್ತಿ ಗುಂಡಗೆ ಕತ್ತರಿಸಿದ್ದಳು. ಏಳು ವರ್ಷದ ಸಾನ್ವಿ ಎರಡು ಸಲ ಹಾಕಿಸಿಕೊಂಡಳು. ನಾಲ್ಕು ವರ್ಷದ ಓಂಕಾರ ತುಂಡಷ್ಟೇ ತಿಂದು ಸಾರು ಬಿಟ್ಟ. "ಇರಲಿ ಬಿಡ್ರಿ ಅತ್ತಿ, ನಾಳೆ ಬ್ಯಾರೆ ರೂಪದಾಗ ಹೊಟ್ಟಿಗಿ ಕಳಸ್ತೀನಿ," ಎಂದು ರೂಪಾ ನಕ್ಕಳು. ಅವಳ ಕೈಯಲ್ಲಿ ಒಂದೇ ಅಡುಗೆ ವಾರಕ್ಕೆ ಎರಡು ಸಲ ಬರುತ್ತಿರಲಿಲ್ಲ.

ಅವಳ ಎದೆಯ ಗಂಟನ್ನು ಹಿಂದಿನ ವಾರ ಡಾಕ್ಟರರಿಗೆ ತೋರಿಸಿ ಬಂದಿದ್ದೆವು. ಚಕೋಲಿ ಉಂಡ ಮರುದಿನ ಬಯಾಪ್ಸಿ ರಿಪೋರ್ಟ್ ಬಂತು.

ಕ್ಯಾನ್ಸರ್.

ನಾವಿರುವ ಸೊಲ್ಲಾಪುರದಲ್ಲೇ ಕೀಮೋ ಶುರುವಾಯಿತು. ಕೂದಲು ಹೋಯಿತು. ಅದಕ್ಕೆ ಅವಳು ಅಳಲಿಲ್ಲ. ಎರಡನೆಯ ಕೀಮೋ ಆದ ಮೇಲೆ ನಾಲಿಗೆಯ ರುಚಿಯೂ ಹೋಯಿತು. ಕೆಲವರಿಗೆ ಹೀಗಾಗುತ್ತದೆ, ಮರಳಲು ಟೈಮ್ ಬೇಕು ಎಂದರು ಡಾಕ್ಟರರು. ಒಂದು ಸಂಜೆ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು. ಓಂಕಾರ ತಟ್ಟೆಯಲ್ಲೇ ಉಗಿದ.

ಆ ದಿನ ಅತ್ತಳು.

ಒಲೆ ನಾನು ಹಿಡಿದೆ. ನನಗೆ ಬರುವುದು ರೊಟ್ಟಿ, ಕಡಲೆಹಿಟ್ಟಿನ ಝುಣಕ, ಅನ್ನ, ಸಾರು. "ಇವತ್ತೂ ಝುಣಕ ಏನ, ಆಜಿ?" ಎಂದು ಸಾನ್ವಿ ತಟ್ಟೆ ಸರಿಸುತ್ತಿದ್ದಳು. ಇಬ್ಬರೂ ಬಿಸ್ಕೀಟು ತಿಂದು ಮಲಗತೊಡಗಿದರು. ರೂಪಾಳಿಗೆ ತನ್ನ ರೋಗಕ್ಕಿಂತ ಅದೇ ದೊಡ್ಡದಾಯಿತು.

"ಅಡಗಿ ನಾ ಮಾಡ್ತೀನ್ರಿ ಅತ್ತಿ. ಉಪ್ಪು ಮಕ್ಕಳು ನೋಡಲಿ."

ನಾನು ಅಕ್ಕಲಕೋಟ ತಾಲೂಕಿನ ಕುರನೂರದವಳು. ದೇವರಿಗೆ ಎಡೆ ಹಿಡಿಯುವ ಮೊದಲು ಅಡುಗೆ ಬಾಯಿಗೆ ಇಡಬಾರದು. ತವರಲ್ಲಿ ಕಲಿತದ್ದು, ಈ ಮನೆಯಲ್ಲೂ ನಾನೇ ನಡೆಸಿದ್ದು. "ಎಡಿ ಎಂಜಲ ಆಗ್ತದ ಯವ್ವಾ," ಎಂದುಬಿಟ್ಟೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.

ಆ ಬೆನ್ನು ನನಗೆ ನೋಡಲಾಗಲಿಲ್ಲ.

ಮರುದಿನ ಸಂಜೆ ಒಲೆ ಹಚ್ಚುವ ಮೊದಲೇ ದೇವರ ಮುಂದೆ ಹಾಲು, ಬೆಲ್ಲ ಇಟ್ಟೆ. "ಎಡಿ ಮುಗೀತು. ಈಗ ಯಾರರೆ ಉಪ್ಪು ನೋಡ್ರಿ," ಎಂದೆ. ಚಾದರ ಅಂಗಡಿಯಿಂದ ಆಗಷ್ಟೇ ಬಂದ ಮಗ ಮಲ್ಲಿನಾಥ, "ದೇವರಿಗೂ ಪಥ್ಯ ಹಚ್ಚಿದಿ ಏನವ್ವಾ?" ಎಂದ. "ಅವಗ ತಕರಾರ ಇಲ್ಲ, ನಿನಗ್ಯಾಕ?" ಎಂದೆ. ಎಷ್ಟೋ ದಿನದ ಮೇಲೆ ರೂಪಾ ನಕ್ಕಳು.

ಒಂದು ದಿನ ಸಾನ್ವಿಯ ಪಾಳಿ, ಒಂದು ದಿನ ಓಂಕಾರನದು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ರೂಪಾ ಕುರ್ಚಿಯಲ್ಲಿ ಕೂತು, ಊದಿ ಆರಿಸಿ, ಅಂಗೈಗೆ ಹಾಕುತ್ತಿದ್ದಳು.

"ಮಮ್ಮಿ, ಉಪ್ಪು ಕಮಿ."

"ಎಷ್ಟು ಹಾಕಲಿ, ಸಾಹೇಬ್ರ?"

"ಒಂದ ಚಿಟಿಕಿ. ಇಲ್ಲ, ಅರ್ಧಾ."

ತಾವೇ ಉಪ್ಪು ಹೇಳಿದ ಪಲ್ಯವನ್ನು ಒಲ್ಲೆ ಅನ್ನಲು ಹುಡುಗರಿಗೆ ಬರಲಿಲ್ಲ. ರೂಪಾ ಅಷ್ಟಕ್ಕೇ ನಿಲ್ಲಲಿಲ್ಲ. ಮುಂಜಾನೆ ಹಾಸಿಗೆಯಲ್ಲೇ ಸಂಜೆಯ ವಿಚಾರ ಮಾಡುವಳು. ಮೆಂತ್ಯದ ಥಾಲಿಪಟ್ಟು. ಹೆಸರುಕಾಳಿನ ದೋಸೆ. ಹೀರೇಕಾಯಿ ತುರಿದು ಝುಣಕ. ಗಜ್ಜರಿ ಹಾಕಿದ ಖಿಚಡಿ. ಹೆಸರು ಕೇಳಿದರೆ ಓಡುತ್ತಿದ್ದ ಕಾಯಿಪಲ್ಲೆಯನ್ನೆಲ್ಲ ಹೀಗೆ ನಡೆದ ಎಂಟು ತಿಂಗಳಲ್ಲಿ ಮಕ್ಕಳ ಬಾಯಿಗೆ ತಂದಳು. ಅವಳ ಬಾಯಿಗೆ ಎಲ್ಲವೂ ಮಣ್ಣು. ಆದರೂ ಅವರ ಎದುರು ನಾಲ್ಕು ತುತ್ತು ತಿಂದು, "ಭಾರಿ ಆಗೇದ," ಎನ್ನುತ್ತಿದ್ದಳು. ಕೈಗುಣದ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ. ರುಚಿ ತಿಳಿಯದೆ ಹೀಗೆ ಅಡುಗೆ ಮಾಡಿದವಳು ನನ್ನ ಸೊಸೆ ಒಬ್ಬಳೇ.

ರೋಗ ಲಿವರ್‌ಗೆ ಹೋಯಿತು. ಅವಳು ಹೋಗಿ ಎರಡು ತಿಂಗಳಾಯಿತು.

ಮಾತಾಡಿಸಲು ಬಂದವರು, "ಮಕ್ಕಳು ಉಣ್ಣತಾವೇನ್ರಿ?" ಎಂದು ದನಿ ಇಳಿಸಿ ಕೇಳುತ್ತಾರೆ. ನಾನು ದನಿ ಇಳಿಸುವುದಿಲ್ಲ. "ಉಣ್ಣತಾವ. ಹಾಗಲಕಾಯಿನೂ ಉಣ್ಣತಾವ. ಅವರವ್ವ ಕಲಿಸ್ಯಾಳ," ಎನ್ನುತ್ತೇನೆ. ಅವಳು ನಮಗೆ ಕೊಟ್ಟ ಆ ತಿಂಗಳುಗಳಿಗೆ ನಾನು ಋಣಿ. ಅಡುಗೆ ನಾನು ಮಾಡುತ್ತೇನೆ, ಉಪ್ಪು ಮಕ್ಕಳು ಹೇಳುತ್ತಾರೆ, ತಟ್ಟೆಗಳು ಖಾಲಿಯಾಗುತ್ತವೆ.

ಅವಳು ಮಾಡಿದ್ದನ್ನೇ ತಿರುತಿರುಗಿ ಮಾಡುತ್ತಿದ್ದೇವೆ. ಹೊಸದೊಂದು ಅಡುಗೆ ಯೋಚಿಸುವವರು ಮನೆಯಲ್ಲಿ ಇಲ್ಲ.