ಧೂಪ ಹಿಡಿದ ಹೆಲ್ಮೆಟ್ಟುಗಳು

ಕಳೆದ ಶುಕ್ರವಾರ ಇಲ್ಲಿ ಅರಬಿಗಳ ನಾಡಿನ ಶರಫಿಯಾ ಪೇಟೆಯಲ್ಲಿ ದರ್ಜಿಯ ಮುಂದೆ ಕೂತಿದ್ದೆ, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು. ನನ್ನ ಎತ್ತರಕ್ಕೆ ಪ್ಯಾಂಟು ಮಾಡುವ ಕಂಪನಿ ಇನ್ನೂ ಹುಟ್ಟಿಲ್ಲ. ಪಕ್ಕದ ಅಂಗಡಿಯವನು ಬಖೂರ್ ಧೂಪ ಹಾಕಿದ. ಆ ಪರಿಮಳಕ್ಕೆ ನಿಮಗೆ ಮದುವೆಮನೆ ನೆನಪಾದೀತು. ನನಗೆ ನೆನಪಾಗುವುದು ಅಮೆರಿಕನ್ ಫುಟ್ಬಾಲಿನ ಹೆಲ್ಮೆಟ್ಟು. ನಗಬೇಡಿ, ಹೇಳುತ್ತೇನೆ.

ಬಹಳ ವರ್ಷಗಳ ಹಿಂದೆ ದಹ್ರಾನಿನಲ್ಲಿ ಎಣ್ಣೆ ಕಂಪನಿಯ ಒಂದು ಕ್ಯಾಂಪಿನಲ್ಲಿ ಆಟದ ಸಾಮಾನಿನ ಸ್ಟೋರು ನೋಡಿಕೊಳ್ಳುತ್ತಿದ್ದವರು ನಾವಿಬ್ಬರು: ನಾನು ಮತ್ತು ಉಪ್ಪಿನಂಗಡಿ ಕಡೆಯ ಹಮೀದಾಕ. ಅಲ್ಲಿನ ಅಮೆರಿಕನ್ನರದ್ದು ಹೆಸರಿಗೆ ಫುಟ್ಬಾಲು; ಒಬ್ಬ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಉಳಿದವರು ಗುದ್ದಿ ಕೆಡಹುವುದು. ಅವರಿಗೆ ಆಟ ಹೇಳಿಕೊಡುತ್ತಿದ್ದ ಹಿರಿಯ ಇಂಜಿನಿಯರ್ ಟಾಮ್ ಅವರನ್ನು ಎಲ್ಲರೂ ಕೋಚ್ ಎನ್ನುತ್ತಿದ್ದರು.

ಕೋಚ್ ನಮ್ಮ ಕಪಾಟಿನಲ್ಲಿ ಹಳೆಯ ಶಿರಸ್ತ್ರಾಣಗಳನ್ನು ಜೋಡಿಸಿಟ್ಟಿದ್ದರು. ಮೊದಲನೆಯದು ಅವರ ಅಜ್ಜನ ಚರ್ಮದ ಟೊಪ್ಪಿ. "ಇದು ನಮ್ಮ ಮುಟ್ಟಾಳೆ ಅಲ್ವಾ ಮಾರಾಯ! ಅಡಿಕೆ ಹಾಳೆ ಬದಲು ಚರ್ಮ, ಕಿವಿಗೆರಡು ತುಂಡು ಹೆಚ್ಚು," ಎಂದಿದ್ದರು ಹಮೀದಾಕ. ಆಮೇಲಿನದು ಗಟ್ಟಿ ಪ್ಲಾಸ್ಟಿಕ್ಕಿನದು. ಮತ್ತೊಂದಕ್ಕೆ ಮೂಗು ಉಳಿಸಲು ಒಂದು ಸರಳು; ಆ ಸರಳು ಮರಿಹಾಕಿ ಮುಖಕ್ಕೆ ಪಂಜರ; ಒಳಗೆ ದಪ್ಪ ಸ್ಪಂಜು.

"ಚರ್ಮದ ಕಾಲದಲ್ಲಿ ಜನ ತಲೆ ತಪ್ಪಿಸಿಕೊಂಡು ಓಡುತ್ತಿದ್ದರಂತೆ," ಎನ್ನುತ್ತಿದ್ದರು ಕೋಚ್. "ನಮಗೆ ಗಟ್ಟಿಯದು ಸಿಕ್ಕಿತು ನೋಡು, ತಲೆಯಿಂದಲೇ ಗುದ್ದಿದೆವು."

ಆ ಸೆಕೆಯಲ್ಲಿ ಬೆವರು ಕುಡಿದ ಸ್ಪಂಜಿನ ನಾತ ನಾನು ವರ್ಣಿಸುವುದಿಲ್ಲ. ನೀವು ಊಟಕ್ಕೆ ಮೊದಲು ಓದುತ್ತಿರಬಹುದು. ಅರಬಿಗಳು ತಲೆಬಟ್ಟೆಯನ್ನು ಬಖೂರಿನ ಹೊಗೆಗೆ ಹಿಡಿಯುವುದನ್ನು ಕಂಡಿದ್ದ ಹಮೀದಾಕ, ಒಂದು ಶುಕ್ರವಾರ ಆಟಕ್ಕೆ ಮೊದಲು ಆಟಗಾರರ ಹೆಲ್ಮೆಟ್ಟುಗಳನ್ನೂ ಕೆಂಡದ ಮೇಲೆ ಬೋರಲು ಹಿಡಿದರು. ಪರಿಮಳವೇನೋ ಬಂತು. ನಾನೊಂದನ್ನು ಧರಿಸಿ ಮದುಮಗನಂತೆ ತಲೆ ತಿರುಗಿಸಿದೆ. ಹೆಲ್ಮೆಟ್ಟು ತಿರುಗದೆ ಅಲ್ಲೇ ನಿಂತಿತು. ಹಮೀದಾಕ ಒಳಗೆ ಬೆರಳಿಟ್ಟು ಒತ್ತಿದರು. ಸ್ಪಂಜು ಬಿಸಿಗೆ ಚಪ್ಪಟೆಯಾಗಿ ಕಲ್ಲಾಗಿತ್ತು.

"ಹೊರಗಿಂದ ನೋಡಿದರೆ ಎಂತದೂ ಗೊತ್ತಾಗುವುದಿಲ್ಲ," ಎಂದರು. "ಹೇಳಿದರೆ ನನ್ನ ಕೆಲಸ ಹೋಗ್ತದೆ, ಇಕಾಮಾ ಹೋಗ್ತದೆ, ಈ ದೇಶದಲ್ಲಿ ಇರಲಿಕ್ಕೆ ಬಿಡುವುದಿಲ್ಲ. ಹೇಳದಿದ್ದರೆ ಯಾರದ್ದಾದರೂ ತಲೆ ಹೋಗ್ತದಲ್ಲ ಮಾರಾಯ."

ಹೆಲ್ಮೆಟ್ಟು ಹಿಡಿದುಕೊಂಡು ಮೈದಾನಕ್ಕೆ ಓಡಿ, ಕೋಚ್ ಮುಂದೆ ಎಲ್ಲ ಹೇಳಿದರು.

ಕೋಚ್ ಹೆಲ್ಮೆಟ್ಟು ಮೂಸಿ ದೊಡ್ಡದಾಗಿ ನಕ್ಕರು. ಒಳಗೆ ಒತ್ತಿ ನೋಡಿ ನಗು ನಿಲ್ಲಿಸಿದರು. ಆಟ ರದ್ದಾಯಿತು. ಆಟಗಾರರು ಗೊಣಗಿದರು, ಇವತ್ತೊಂದು ದಿನ ಹೀಗೇ ಆಡಿಬಿಡೋಣ ಎಂದರು. ಕೋಚ್ ಕೇಳಲಿಲ್ಲ. ಹಮೀದಾಕನ ಭುಜದ ಮೇಲೆ ಕೈಯಿಟ್ಟರು.

"ಹೆದರಬೇಡ, ನಿನ್ನ ಕೆಲಸ ಹೋಗುವುದಿಲ್ಲ. ನಾನು ಆಡುತ್ತಿದ್ದಾಗ ನನ್ನ ಹೆಲ್ಮೆಟ್ಟು ಒಮ್ಮೆಯೂ ಬಿರುಕು ಬಿಟ್ಟಿರಲಿಲ್ಲ. ಆದರೂ ಒಳಗಿನ ತಲೆಗೆ ಬಿದ್ದ ಪೆಟ್ಟಿಗೆ ಈಗ ನೆನಪು ನಿಲ್ಲುವುದಿಲ್ಲ; ದಿನಾ ಬೆಳಿಗ್ಗೆ ನಿನ್ನ ಅಂಗಿಯ ಮೇಲಿನ ಹೆಸರು ಓದಿಕೊಂಡೇ ನಿನ್ನನ್ನು ಕರೆಯುತ್ತೇನೆ."

ಹಾಗೆ ಹೆಸರು ಓದಿ ಕರೆಯುವುದನ್ನು ನಾವು ಅಲ್ಲಿಯವರೆಗೆ ಅಮೆರಿಕನ್ ಶಿಷ್ಟಾಚಾರ ಎಂದುಕೊಂಡಿದ್ದೆವು.

ಪ್ಯಾಂಟು ತಯಾರಾಗುವಷ್ಟರಲ್ಲಿ, ಈಗ ತಬೂಕಿನಲ್ಲಿರುವ ಹಮೀದಾಕನಿಗೆ ಫೋನು ಮಾಡಿ, ಕೋಚ್ ಸುದ್ದಿ ಏನಾದರೂ ಉಂಟಾ ಎಂದು ಕೇಳಿದೆ.

"ತಿಂಗಳಿಗೊಮ್ಮೆ ಅಮೆರಿಕಕ್ಕೆ ಫೋನ್ ಮಾಡ್ತೇನೆ. ಕೋಚ್ ಹೆಂಡತಿ ಫೋನನ್ನು ಅವರ ಕಿವಿಗೆ ಹಿಡೀತಾರೆ. ಈಗ ನಾನು ಯಾರೂಂತ ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಧೂಪ ಹಾಕಿದ ಕಥೆ ಮೊದಲಿಂದ ಹೇಳ್ತೇನೆ."

"ನಗ್ತಾರಾ?"

"ಜೋರು ನಗ್ತಾರೆ. ಸ್ಪಂಜು ಹಾಳಾದ್ದು ಹೇಳುವಾಗ ಮಾತ್ರ ನಗು ನಿಲ್ಲಿಸ್ತಾರೆ. ಮತ್ತೆ, ಪ್ರತಿ ಸಲ ಹೇಳ್ತಾರೆ ಮಾರಾಯ, ಹೆದರಬೇಡ, ನಿನ್ನ ಕೆಲಸ ಹೋಗುವುದಿಲ್ಲ ಅಂತ."

ಆ ನಂಬರು ನನಗೂ ಕಳಿಸಿ ಎಂದೆ. ಹೇಳುವವರು ಇಬ್ಬರಾದರೆ ಕೋಚ್ ತಿಂಗಳಿಗೆ ಎರಡು ಸಲ ನಗಬಹುದು.