ಬಾಣಂತಿಯ ಪಾಲಿನ ನೀರು

ತವರಿನ ಬಾಣಂತನವನ್ನು ಹೊಗಳುವವರನ್ನು ಕಂಡರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಅಂಟಿನುಂಡೆ, ಎಣ್ಣೆ ಸ್ನಾನ, ಲೋಬಾನದ ಹೊಗೆ ಎಂದು ಕಣ್ಣು ಅರಳಿಸಿ ಹೇಳುತ್ತಾರೆ. ತೊಂಬತ್ತರ ದಶಕದ ನಡುವಿನಲ್ಲಿ, ಸಂಗೊಳ್ಳಿಯ ನನ್ನ ತವರುಮನೆಯಲ್ಲಿ, ನನಗೂ ಇವೆಲ್ಲ ಸಿಕ್ಕವು. ಕುಡಿಯುವ ನೀರು ಮಾತ್ರ ಸಿಗಲಿಲ್ಲ.

ಹೆರಿಗೆ ಬೈಲಹೊಂಗಲದ ದವಾಖಾನೆಯಲ್ಲಿ ಆಯಿತು. ಹೆಣ್ಣುಮಗು. ಮನೆಗೆ ಹೊರಟಾಗ ಡಾಕ್ಟರಮ್ಮ, "ನೀರು ಚೊಲೋತ್ನ್ಯಾಗ ಕುಡೀರಿ, ಹಾಲು ಇಳೀತಾವ" ಎಂದರು. ನನ್ನ ಬಾಣಂತನಕ್ಕೆಂದೇ ರಾಮದುರ್ಗದಿಂದ ಬಂದಿದ್ದ ಸೋದರತ್ತೆ, ಅಪ್ಪನ ಅಕ್ಕ, ದವಾಖಾನೆಯ ಮೆಟ್ಟಿಲು ಇಳಿಯುವುದರೊಳಗೇ ಆ ಮಾತನ್ನು ಒರೆಸಿ ಹಾಕಿದಳು. "ಆಕಿ ಎಷ್ಟ ಹಡದಾಳಂತ? ಹಸೀ ಮೈಯಾಗ ನೀರು ಕುಡದ್ರ ಹೊಟ್ಟಿ ಬರತೈತಿ, ಕೂಸಿಗೆ ನೆಗಡಿ ಆಗತೈತಿ. ನಾಳೆ ಬೀಗರು ನಮಗ ಹೆಸರು ಇಡ್ತಾರ." ಅವ್ವ ತಲೆಯಾಡಿಸಿದಳು. ಅತ್ತೆಯ ಮಾತಿಗೆ ಅವ್ವ ತಲೆಯಾಡಿಸದೇ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ನನ್ನನ್ನು ಕಿಟಕಿ ಮುಚ್ಚಿದ ಕೋಣೆಯ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡ ಇಟ್ಟರು. ತಲೆಗೆ ಸ್ಕಾರ್ಫು, ಕಿವಿಗೆ ಅರಳೆ. ಉಣ್ಣಲು ಬಿಸಿ ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಖಾರ. ಊಟದ ಮೇಲೆ ಅಜಿವಾನ ಹಾಕಿ ಕುದಿಸಿದ ನೀರು, ಅದೂ ಒಂದು ಸಣ್ಣ ವಾಟಗದಲ್ಲಿ, ಗಂಟಲು ಹಸಿಯಾಗುವಷ್ಟು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಿತ್ತು. ತುಟಿ ಒಡೆದು ರಕ್ತ ಬಂದಾಗ ಅತ್ತೆ ಅದಕ್ಕೂ ತುಪ್ಪವನ್ನೇ ಹಚ್ಚಿದಳು. ನೀರು ಕೇಳಿದರೆ, "ತಡಕೋ, ತಾಯಿ ಆಗೂದು ಅಂದ್ರ ಸುಮ್ನ ಅಲ್ಲ" ಎನ್ನುತ್ತಿದ್ದಳು.

ಬರಬರುತ್ತ ನನ್ನ ಹಾಲು ಕಡಿಮೆಯಾಯಿತು. ಮಗಳು ಎದೆಗೆ ಬಾಯಿಟ್ಟು, ಎಳೆದು ಎಳೆದು, ಸಿಟ್ಟಿನಿಂದ ಮುಖ ತಿರುಗಿಸಿ ಅಳುತ್ತಿದ್ದಳು. ಕೂಸು ನೋಡಲು ಬಂದ ಹೆಂಗಸರು ಅಂಟಿನುಂಡೆ ಬಾಯಿಗೆ ಹಾಕಿಕೊಂಡು, ಜಗಿಯುತ್ತಲೇ ನನ್ನ ಎದೆಯನ್ನು ದಿಟ್ಟಿಸಿ ನೋಡುತ್ತಿದ್ದರು. ಒಬ್ಬಾಕೆ ಕೇಳದೆಯೇ ಹಿಸುಕಿಯೂ ನೋಡಿದಳು. "ಏನೂ ಇಲ್ಲಬಿಡ್ರಿ, ಒಣಾ ಮೈ" ಎಂದು ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಕೈ ಒರೆಸಿಕೊಂಡಳು. ಅವಳ ಬೆರಳಿಗಿದ್ದ ಬೆಲ್ಲದ ಜಿಗುಟು ನನ್ನ ಮೈಗೆ ಅಂಟಿತ್ತು. ಥೂ, ಅದನ್ನು ನೆನೆದರೆ ಈಗಲೂ ಸೋಪು ಹಚ್ಚಿ ತಿಕ್ಕಿಕೊಳ್ಳಬೇಕೆನಿಸುತ್ತದೆ.

ಕೊನೆಗೆ ಎಮ್ಮೆಯ ಹಾಲಿಗೆ ನೀರು ಬೆರೆಸಿ ಮಗಳಿಗೆ ಒಳಲೆಯಲ್ಲಿ ಹಾಕಿದರು. ಹಾಲಿಗೆ ಸುರಿಯಲು ಆ ಮನೆಯಲ್ಲಿ ನೀರಿತ್ತು. ಅದು ಒಗ್ಗದೆ ಮಗಳಿಗೆ ಭೇದಿ ಹತ್ತಿತು. ಅಳುವುದಕ್ಕೂ ಶಕ್ತಿಯಿಲ್ಲದೆ ನನ್ನ ತೊಡೆಯ ಮೇಲೆ ಹತ್ತಿಯಂತೆ ಬಿದ್ದುಕೊಂಡಳು. ಇವಳು ನನ್ನ ಕೈಬಿಟ್ಟು ಹೋಗುತ್ತಾಳೆಂದು ನನಗೆ ಖಾತ್ರಿಯಾಯಿತು.

ಆ ದಿನ ಮಧ್ಯಾಹ್ನ ಹಿತ್ತಿಲಿನಿಂದ ಅತ್ತೆಯ ದನಿ ಕೇಳಿತು. ಅಪ್ಪನಿಗೆ ಬೈಯುತ್ತಿದ್ದಳು. ನಮ್ಮ ಎಮ್ಮೆಯೂ ಅದೇ ತಿಂಗಳು ಈದಿತ್ತು. ಅಪ್ಪ ಅದರ ಮುಂದೆ ಒಂದೇ ಬಕೆಟ್ ನೀರಿಟ್ಟು ಹೊಲಕ್ಕೆ ಹೊರಟಿದ್ದನಂತೆ.

"ಇನ್ನೊಂದು ಬಕೀಟ ಇಡೋ ತಮ್ಮಾ. ಈದ ಎಮ್ಮಿಗೆ ನೀರು ಕಡಿಮಿ ಮಾಡಿದ್ರ ಹಾಲು ಎಲ್ಲಿಂದ ಬರಬೇಕು?"

ನಾನು ಮಗಳನ್ನು ಹೊರಸಿನ ಮೇಲೆ ಮಲಗಿಸಿ ಎದ್ದೆ. ಹಿತ್ತಿಲ ಕಡೆ ನಡೆದೆ. ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರು "ಅಯ್ಯ, ಬಾಣಂತಿ ಗಾಳಿಗೆ ಹೊಂಟಳ್ರಿ" ಎಂದು ಕೂಗಿಕೊಂಡರು. ಅಪ್ಪ ಆಗಷ್ಟೇ ತುಂಬಿ ತಂದಿದ್ದ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೊಗಸೆ ಬೊಗಸೆ ಮೊಗೆದು ಕುಡಿದೆ. ಕುಪ್ಪಸ ತೊಯ್ದಿತು. ಕೆಮ್ಮಿದೆ, ಮತ್ತೆ ಕುಡಿದೆ. ಅಪ್ಪ ಮುಖ ಆ ಕಡೆ ತಿರುಗಿಸಿ ನಿಂತ. ಅತ್ತೆ ಹಣೆ ಬಡಿದುಕೊಂಡು, "ದನದ ಬಕೀಟಿನ್ಯಾಗ ಕುಡದ್ಲಲ್ಲೋ, ಮಂದಿ ಏನಂದಾರು!" ಎಂದಳು. ಬಾಯಾರಿಕೆ ಆಗಿತ್ತೇನು ಎಂದು ಯಾರೂ ಕೇಳಲಿಲ್ಲ.

ಆಮೇಲೂ ನಾನು ಬಚ್ಚಲಿಗೆಂದು ಎದ್ದಾಗಲೆಲ್ಲ ಹಿತ್ತಿಲಿಗೆ ಹೋಗಿ ಕುಡಿದೆ. ಎರಡು ಮೂರು ದಿನಗಳಲ್ಲಿ ಎದೆ ಬಿಗಿಯಿತು. ಮಗಳು ಗುಟುಕು ಗುಟುಕಾಗಿ ಕುಡಿದು, ಬಾಯಿಯ ಮೂಲೆಯಲ್ಲಿ ಹಾಲು ಹರಿಸಿಕೊಂಡು ನಿದ್ದೆ ಹೋದಳು. ನಾನು ಜೋರಾಗಿ ಅತ್ತುಬಿಟ್ಟೆ. ಅತ್ತೆ ಬಂದು ನೋಡಿದವಳೇ ಪಡಸಾಲೆಗೆ ಹೋಗಿ ಸಾರಿದಳು: "ನಾ ಪಥ್ಯ ಬಿಗಿ ಹಿಡಿದಿದ್ದಕ್ಕ ಹಾಲು ಬಂದ್ವು ನೋಡ್ರಿ." ಹೆಂಗಸರು ಹೌದೌದು ಎಂದರು.

ಅತ್ತೆ ಅತ್ತ ಹೋದ ಮೇಲೆ ಅವ್ವ ಕೋಣೆಗೆ ಬಂದು ಕದ ಮುಂದೆ ಮಾಡಿದಳು. ಸೆರಗಿನೊಳಗಿಂದ ತಂಬಿಗೆ ತೆಗೆದು, "ಲಗೂನ ಕುಡಿ, ಆಕಿ ಬರತಾಳ" ಎಂದಳು. ನಾನು ಒಂದೇ ಉಸಿರಿಗೆ ಕುಡಿದು ಕೇಳಿದೆ, "ಯವ್ವಾ, ನನ್ನ ಹಡದಾಗ ನಿನಗ ಯಾರು ನೀರು ಕೊಟ್ಟಿದ್ರು?"

"ಯಾರ ಕೊಡತಾರ? ನಿನ್ನ ಅರಿವಿ ಒಗ್ಯಾಕ ಇಟ್ಟ ನೀರು ಕುಡೀತಿದ್ದೆ. ಯಾರೂ ಇಲ್ಲದಾಗ."

"ಗೊತ್ತಿತ್ತಲ್ಲ ನಿನಗ. ಮತ್ತ ನನಗ್ಯಾಕ ಕೊಡಲಿಲ್ಲ? ಕೂಸು ಸಾಯಾಕ ಬಂದಿತ್ತು."

ಅವ್ವ ನನ್ನ ಮುಖ ನೋಡಲಿಲ್ಲ. "ಎಲ್ಲಾರೂ ಹೆಂಗೋ ಕದ್ದು ಕುಡೀತಾರ. ನೀನೂ ಕುಡೀತಿರಬೇಕು ಅಂತ ತಿಳದಿದ್ದೆ."

ಅತ್ತೆಯ ಮೇಲಿನ ಸಿಟ್ಟು ಅಂದಿಗೆ ಚಿಕ್ಕದಾಯಿತು. ಅವಳು ತಿಳಿಯದೆ ಮಾಡಿದ್ದಳು. ನಾನು ತಂಬಿಗೆ ಅವ್ವನ ಕೈಗೆ ಕೊಟ್ಟು, "ಇನ್ನೊಂದು ತಾ. ಎಲ್ಲಾರ ಮುಂದ ಹಿಡಕೊಂಡು ಬಾ, ಮುಚ್ಚಬ್ಯಾಡ" ಎಂದೆ.

ಅವ್ವ ಹೋದಳು. ಪಡಸಾಲೆಯಲ್ಲಿ ಹೆಂಗಸರ ಮಾತು ನಡೆದೇ ಇತ್ತು. ಸ್ವಲ್ಪ ಹೊತ್ತಿಗೆ ತಂಬಿಗೆ ತುಂಬಿಸಿಕೊಂಡು ಬಂದಳು. ಸೆರಗಿನಲ್ಲಿ ಮುಚ್ಚಿಕೊಂಡೇ ಬಂದಳು.